ಸುಂಕವಿಲ್ಲದ ಸ್ವರ

1998ರ ಸೆಪ್ಟೆಂಬರಿನಲ್ಲಿ, ಎಂಪಿ3 ತಂತ್ರಾಂಶ ಬರೆಯುತ್ತಿದ್ದ ಹಲವರಿಗೆ ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯಿಂದ ಪತ್ರ ಬಂತು. ಸಾರಾಂಶ ಇಷ್ಟೆ: ಎಂಪಿ3ರ ಹಿಂದಿನ ವಿಧಾನಗಳ ಪೇಟೆಂಟ್ ನಮ್ಮದು, ಬಳಸುವವರು ಪರವಾನಗಿ ಪಡೆಯಬೇಕು. ಓಗ್ ವೋರ್ಬಿಸ್‌ನ ಚರಿತ್ರೆ ನಿಜವಾಗಿ ಶುರುವಾಗುವುದು ಈ ಕಾಗದದಿಂದಲೇ ಎಂದು ನನ್ನ ಎಣಿಕೆ.

ಫ್ರೌನ್‌ಹೋಫರಿನವರನ್ನು ಖಳನಾಯಕರೆನ್ನಲು ನನಗೆ ಮನಸ್ಸಿಲ್ಲ. ಮನುಷ್ಯನ ಕಿವಿಯ ಮಿತಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಅವರು. ಡೊಳ್ಳು ಬಡಿಯುವಾಗ ಪಕ್ಕದವರ ಪಿಸುಮಾತು ನಮಗೆ ಕೇಳಿಸುವುದಿಲ್ಲ. ಕೇಳಿಸದ್ದನ್ನು ಕೂಡಿಡುವುದೇಕೆ, ಬಿಟ್ಟುಬಿಡೋಣ ಎಂಬುದೇ ಎಂಪಿ3ರ ಗುಟ್ಟು. ಸಿ.ಡಿ.ಯ ಹಾಡು ಸುಮಾರು ಹತ್ತರಲ್ಲೊಂದು ಪಾಲಿಗೆ ಕುಗ್ಗಿದ್ದು ಹಾಗೆ. ದುಡಿದವರು ಕೂಲಿ ಕೇಳಿದರು. ಆದರೆ ಪ್ರತಿಗೆ ಇಷ್ಟು ಎಂದು ಕೇಳಿದರೆ, ತನ್ನ ತಂತ್ರಾಂಶವನ್ನು ಪುಕ್ಕಟೆ ಹಂಚುವವನು, ಎಷ್ಟು ಪ್ರತಿಯಾಯಿತೆಂದು ಎಣಿಸಲೂ ಆಗದವನು, ಎಲ್ಲಿಂದ ಕಟ್ಟಿಯಾನು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. 2002ರಲ್ಲಿ ರೆಡ್ ಹ್ಯಾಟ್ ಲಿನಕ್ಸ್‌ನ ಎಂಟನೆಯ ಆವೃತ್ತಿ, ಎಂಪಿ3 ನುಡಿಸುವ ಸೌಲಭ್ಯವನ್ನೇ ಕೈಬಿಟ್ಟು ಹೊರಬಂತು.

ಅಮೆರಿಕದ ಕ್ರಿಸ್ ಮಾಂಟ್ಗೊಮೆರಿ 1993ರಿಂದಲೇ ಧ್ವನಿ ಕುಗ್ಗಿಸುವ ಪ್ರಯೋಗದಲ್ಲಿ ತೊಡಗಿದ್ದರು. ಆ ಪತ್ರದ ನಂತರ ಕೆಲಸ ಬಿರುಸಾಯಿತು. ಅವರು ಇಟ್ಟ ಹೆಸರುಗಳು ಸಾಹಿತ್ಯಪ್ರಿಯರಿಗೆ ರುಚಿಸಬಹುದು. ‘ಓಗ್’ ಬಂದದ್ದು ನೆಟ್‌ಟ್ರೆಕ್ ಎಂಬ ಆಟದ ಪರಿಭಾಷೆಯಿಂದ. ತಾನು ಸತ್ತರೂ ಸರಿ, ಎದುರಾಳಿಯ ಮೇಲೆ ನುಗ್ಗುವುದು ಎಂದರ್ಥ. ‘ವೋರ್ಬಿಸ್’ ಟೆರಿ ಪ್ರ್ಯಾಚೆಟ್ಟರ ‘ಸ್ಮಾಲ್ ಗಾಡ್ಸ್’ ಕಾದಂಬರಿಯ ಕ್ರೂರ ಧರ್ಮವಿಚಾರಕ. ಸ್ವಾತಂತ್ರ್ಯದ ಹೆಸರಿನಲ್ಲಿ ಹುಟ್ಟಿದ ಕೂಸಿಗೆ ಚಿತ್ರಹಿಂಸೆ ಕೊಡುವವನ ಹೆಸರು! ಓಗ್ ಎಂಬುದು ಡಬ್ಬಿ, ವೋರ್ಬಿಸ್ ಅದರೊಳಗೆ ಧ್ವನಿಯನ್ನು ಅಡಕುವ ವಿಧಾನ.

2002ರ ಜುಲೈನಲ್ಲಿ ವೋರ್ಬಿಸ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಅದಕ್ಕೆ ಹಿಂದಿನ ವರ್ಷವೇ ಒಂದು ಮುಖ್ಯ ತೀರ್ಮಾನವಾಗಿತ್ತು. ಯಾರು ಬೇಕಾದರೂ, ಮುಚ್ಚಿದ ಉತ್ಪನ್ನದೊಳಗೂ, ಬಳಸಿಕೊಳ್ಳಲಿ ಎಂದು ಪರವಾನಗಿಯನ್ನು ಸಡಿಲಿಸಿದ್ದರು. ಮುಕ್ತ ತಂತ್ರಾಂಶದ ಮಡಿವಂತ ರಿಚರ್ಡ್ ಸ್ಟಾಲ್ಮನ್ ಕೂಡ ಇದಕ್ಕೆ ಒಪ್ಪಿದ್ದರು. ಮುಂದಿನದೆಲ್ಲ ನಡೆದದ್ದು ಆ ಒಪ್ಪಿಗೆಯಿಂದ ಎಂದೇ ನನಗನಿಸುತ್ತದೆ.

ಸಣ್ಣ ಕಡತಗಳಲ್ಲಂತೂ ವೋರ್ಬಿಸ್ ಎಂಪಿ3ಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಜೇಬಿನೊಳಗೆ ಅದಕ್ಕೆ ಜಾಗ ಸಿಗಲಿಲ್ಲ. ಅಗ್ಗದ ಚಿಪ್‌ಗಳಿಗೆ ದಶಾಂಶದ ಲೆಕ್ಕ ಕಷ್ಟವಾಗಿತ್ತು. ಪೂರ್ಣಾಂಕದಲ್ಲೇ ಕೆಲಸ ಮುಗಿಸುವ ‘ಟ್ರೆಮರ್’ ಬರುವಷ್ಟರಲ್ಲಿ ಜನರ ಹಾಡಿನ ಗಂಟೆಲ್ಲ ಎಂಪಿ3ಯಲ್ಲಿತ್ತು. ಆಪಲ್‌ನ ತಂತ್ರಾಂಶವಿರುವ ಐಪಾಡ್ ಅದನ್ನು ಎಂದೂ ನುಡಿಸಲಿಲ್ಲ. ಎಚ್‌ಟಿಎಂಎಲ್5ರ ಕರಡು ಓಗ್ ಅನ್ನು ಶಿಫಾರಸು ಮಾಡಿತ್ತು. ನೋಕಿಯಾ ಮತ್ತು ಆಪಲ್ ಆಕ್ಷೇಪಿಸಿದ ಮೇಲೆ 2007ರ ಡಿಸೆಂಬರಿನಲ್ಲಿ ಆ ಸಾಲನ್ನೇ ತೆಗೆದರು.

ಹೀಗೆ ಮುಂಬಾಗಿಲಲ್ಲಿ ಸೋತದ್ದು ಹಿತ್ತಿಲಿನಿಂದ ಒಳಬಂತು. ವಿಕಿಪೀಡಿಯ ತನ್ನ ಧ್ವನಿಗಳಿಗೆ ಓಗ್ ಆರಿಸಿಕೊಂಡಿತು. ಆಟ ತಯಾರಿಸುವವರಿಗೆ ಸುಂಕವಿಲ್ಲದ್ದು ಅನುಕೂಲವೇ ಆಯಿತು. 2005ರಲ್ಲಿ ಪಿಸಿಗೆ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ನಲ್ಲಿ ಕಾರಿನ ರೇಡಿಯೊ ನುಡಿಯುತ್ತಿದ್ದುದು ವೋರ್ಬಿಸ್‌ನಲ್ಲಿ. ಅದನ್ನು ರಾತ್ರಿಯಿಡೀ ಆಡಿದ ನನ್ನ ಓರಗೆಯವರಲ್ಲಿ ಆ ಹೆಸರು ಕೇಳಿದವರು ಕಡಿಮೆ. ಸ್ಪಾಟಿಫೈ ಸಹ ಹಾಡುಗಳನ್ನು ಕಳಿಸಿದ್ದು ಇದರಲ್ಲೇ.

2012ರ ಸೆಪ್ಟೆಂಬರಿನಲ್ಲಿ ವೋರ್ಬಿಸ್‌ಗೆ ಉತ್ತರಾಧಿಕಾರಿಯಾಗಿ ‘ಓಪಸ್’ ಬಂತು. ಮಾಂಟ್ಗೊಮೆರಿ ಕಟ್ಟಿದ ಕ್ಸಿಫ್ ಸಂಸ್ಥೆಯ ಸೆಲ್ಟ್, ಸ್ಕೈಪ್‌ನ ಸಿಲ್ಕ್, ಇವೆರಡರ ಕಸಿ ಅದು. ಒಂದು ಸಂಗೀತಕ್ಕೆ ಒಗ್ಗಿದ್ದು, ಇನ್ನೊಂದು ಮಾತಿಗೆ. ಈ ಬಾರಿ ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯೇ ಮುದ್ರೆ ಒತ್ತಿತ್ತು. ಎಂಪಿ3ರ ಪರವಾನಗಿ ವ್ಯವಹಾರ ಮುಗಿದದ್ದು 2017ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಸುಂಕದ ಕಟ್ಟೆಯ ಪಕ್ಕದಲ್ಲೇ ಬೇರೆ ದಾರಿ ಸವೆದಿತ್ತು.

ಊರಿನಿಂದ ವಾಟ್ಸ್ಆ್ಯಪ್‌ನಲ್ಲಿ ಬಂದ ಧ್ವನಿಸಂದೇಶವನ್ನು ಆಂಡ್ರಾಯ್ಡ್ ಫೋನಿನ ಕಡತಗಳ ನಡುವೆ ಹುಡುಕಿ ನೋಡಿ. ಹೆಸರಿನ ಕೊನೆಯಲ್ಲಿ ‘ಓಪಸ್’ ಎಂದಿರುತ್ತದೆ. ಅದನ್ನು ಹೊತ್ತ ಡಬ್ಬಿ ಈಗಲೂ ಓಗ್.