ಮೂರನೇ ಸಿಲಿಂಡರಿನ ಕಥೆ

ಹಳೇ ಫೋಕ್ಸ್‌ವ್ಯಾಗನ್ ಕ್ಯಾಂಪರ್ ಅಂದ್ರೆ ನನಗೆ ಹುಚ್ಚು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಆ ವ್ಯಾನಿನೊಳಗೆ ಹಾಸಿಗೆ, ಕಪಾಟು ಕೂರಿಸಿ ಪುಟ್ಟ ಮನೆ ಮಾಡಿತು. ಇಂಜಿನ್ ಹಿಂದುಗಡೆ, ತಂಪಿಗೆ ನೀರಿಲ್ಲ, ಬರೀ ಗಾಳಿ. ಆದರೆ ಮೂರನೇ ಸಿಲಿಂಡರಿಗೆ ಹೋಗೋ ಗಾಳಿಗೆ ಆಯಿಲ್ ಕೂಲರ್ರೇ ಅಡ್ಡ! ಅದೊಂದು ಮಾತ್ರ ಜಾಸ್ತಿ ಕಾಯುತ್ತಿತ್ತು. ಎಕ್ಸಾಸ್ಟ್ ವಾಲ್ವಿನ ಸಂದು ಕಿರಿದಾಗಿ ವಾಲ್ವ್ ಸುಟ್ಟರೆ ಪ್ರವಾಸ ನಡುದಾರಿಯಲ್ಲೇ ಮುಗೀತು.

1969ರಲ್ಲಿ ಅಮೆರಿಕದ ಇಂಜಿನಿಯರ್ ಜಾನ್ ಮ್ಯೂರ್, ರಿಪೇರಿಯ ಗಂಧಗಾಳಿ ಇಲ್ಲದವರಿಗೆಂದೇ ಒಂದು ಪುಸ್ತಕ ಬರೆದ. ರಾತ್ರಿಯೆಲ್ಲ ಆರಿ ತಣ್ಣಗಾದ ಇಂಜಿನ್ನಿನಲ್ಲಿ ವಾಲ್ವ್ ಸಂದು ಅಳೆದು ಸರಿಮಾಡೋದನ್ನ ಹಿಪ್ಪಿಗಳೂ ಕಲಿತರು. (ನಮ್ಮಪ್ಪ ಬೆಳಬೆಳಗ್ಗೆ ಸ್ಕೂಟರ್ ಪ್ಲಗ್ ಉಜ್ಜುತ್ತಿದ್ದದ್ದು ನೆನಪಾಯ್ತು!) ಕೊನೆಗೆ 1971ರ ಮಾಡೆಲಿನಲ್ಲಿ ಕಂಪನಿ ಕೂಲರನ್ನು ಗಾಳಿಯ ದಾರಿಯಿಂದ ಸರಿಸಿತು. ಅಷ್ಟರಲ್ಲಿ ಎಷ್ಟು ವಾಲ್ವ್ ಸುಟ್ಟಿದ್ದವೋ...