1791ರ ಬೆಂಗಳೂರು ಮುತ್ತಿಗೆ: ಆಕರಗಳ ಪರಾಮರ್ಶೆ

ಪರೀಕ್ಷೆಯ ಪುಸ್ತಕಗಳಿಗಾಗಿ ಅವೆನ್ಯೂ ರಸ್ತೆಗೆ ಬರುವ ವಿದ್ಯಾರ್ಥಿಗಳಲ್ಲಿ, ಹಿಂದೆ ದೊಡ್ಡಪೇಟೆಯೆನಿಸಿದ್ದ ಆ ಬೀದಿಯೂ ಯುದ್ಧವನ್ನು ಕಂಡಿತ್ತೆಂದು ಬಲ್ಲವರು ವಿರಳ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯವು ಹಲಸೂರು ಬಾಗಿಲನ್ನು ಭೇದಿಸಿ ಪೇಟೆಯನ್ನು ಹಿಡಿಯಿತು. 21ರ ರಾತ್ರಿ ಕೋಟೆಯೂ ಬಿದ್ದಿತು. ಕಿಲ್ಲೇದಾರ ಬಹದ್ದೂರ್ ಖಾನನು ಹೋರಾಡುತ್ತ ಮಡಿದನು.

ಕೋಟೆಗೆ ಮುನ್ನ ಪೇಟೆಯನ್ನೇ ಹಿಡಿದುದೇಕೆ? ಹಸಿದ ಸೈನ್ಯಕ್ಕೆ ಧಾನ್ಯ ಬೇಕಿತ್ತು, ದನಕುದುರೆಗಳಿಗೆ ಮೇವು ಬೇಕಿತ್ತು. ಕೋಟೆಯ ಉತ್ತರ ಪಾರ್ಶ್ವವನ್ನು ಸಮೀಪಿಸಲು ಮರೆಯೂ ಬೇಕಿತ್ತು. ಟಿಪ್ಪುವಿನ ಸೈನ್ಯ ಅದೇ ದಿನ ಪೇಟೆಯನ್ನು ಮರಳಿ ಪಡೆಯಲೆಳಸಿದುದಕ್ಕೂ ಇದೇ ಕಾರಣವೆನ್ನಬಹುದು.

ಇದನ್ನು ತಿಳಿಸುವ ಆಕರಗಳಾವುವು? ಆಂಗ್ಲ ಸೇನಾಧಿಕಾರಿ ರೋಡರಿಕ್ ಮೆಕೆಂಜಿಯ ಗ್ರಂಥ 1793–94ರಲ್ಲಿ ಅಚ್ಚಾಯಿತು. ವಿಲ್ಕ್ಸ್ 1810–17ರಲ್ಲಿ ಇತಿಹಾಸವನ್ನು ಪ್ರಕಟಿಸಿದನು. ಕಿರ್ಮಾನಿಯ ಪಾರಸಿ ಚರಿತ್ರೆ ಟಿಪ್ಪುವಿನ ಪತನಾನಂತರದ್ದು. ರಾಬರ್ಟ್ ಹೋಮ್ ಚಿತ್ರಿಸಿದುದು ಪೇಟೆಯ ಬಾಗಿಲಲ್ಲಿ ಸತ್ತ ಕರ್ನಲ್ ಮೂರ್‌ಹೌಸನನ್ನು.

ಒಂದೇ ಮೂಲದಿಂದಿಳಿದ ಹತ್ತು ಓಲೆಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ ಸಾಕ್ಷಿ ಒಂದೇ. ಒಂದೇ ಪಾಳೆಯದ ಬರಹಗಳ ಒಮ್ಮತವನ್ನೂ ಹೀಗೆಯೇ ತೂಗಬೇಕು. ವಿರೋಧಿಗಳಿಬ್ಬರೂ ಒಪ್ಪುವ ಸಂಗತಿಗೆ ಬೆಲೆ ಹೆಚ್ಚು. ತನ್ನ ಪಕ್ಷಕ್ಕೆ ಪ್ರತಿಕೂಲವಾದುದನ್ನು ಹೇಳುವ ಲೇಖಕನ ಮಾತಿಗೂ ಹಾಗೆಯೇ.

ದೆಹಲಿ ಬಾಗಿಲ ಬಳಿಯ ಶಿಲಾಫಲಕವು ಆಂಗ್ಲರು ನುಗ್ಗಿದ ಬಿರುಕನ್ನು ಗುರುತಿಸುತ್ತದೆ. ಆದರೆ ದೊಡ್ಡಪೇಟೆಯಲ್ಲಿ ಮನೆ, ಅಂಗಡಿ, ಮಗ್ಗಗಳನ್ನು ಬಿಟ್ಟೋಡಿದವರನ್ನು ಅದು ಸ್ಮರಿಸುವುದಿಲ್ಲ. ಆಕರವು ಏನನ್ನು ಹೇಳುತ್ತದೆಂಬುದರೊಡನೆ, ಯಾರ ವಿಷಯದಲ್ಲಿ ಮೌನವಾಗಿದೆಯೆಂಬುದನ್ನೂ ಬರೆಯುವ ವಿದ್ಯಾರ್ಥಿಯ ಉತ್ತರವೇ ಇತಿಹಾಸವೆನಿಸುತ್ತದೆ.