ಜೂನ್ ತಿಂಗಳ ಬಡತನ: ಕುಂದಾಪುರ ಸೀಮೆಯ ಶಾಲೆ, ಆದಾಯ ಮತ್ತು ಮಳೆ

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 86.24, ರಾಜ್ಯದ್ದು 75.36. ಇಷ್ಟನ್ನು ಮುಂದಿಟ್ಟುಕೊಂಡು, ಕರಾವಳಿಯಲ್ಲಿ ಬಡತನಕ್ಕೂ ಶಾಲೆಗೂ ಇದ್ದ ಜಗಳ ಮುಗಿಯಿತು ಎನ್ನುವವರಿದ್ದಾರೆ. ಅಂಕಿ ಸುಳ್ಳಲ್ಲ. ಆದರೆ ಅದು ಇಡೀ ಜಿಲ್ಲೆಯ ಸರಾಸರಿ. ತಾಲ್ಲೂಕಿಗೆ ಇಳಿಯೋಣವೆಂದರೆ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಾದದ್ದೇ 2018ರಲ್ಲಿ. ಜನಗಣತಿಯಲ್ಲಿ ಮೊದಲನೆಯದು ಕುಂದಾಪುರದೊಳಗೆ, ಎರಡನೆಯದು ಉಡುಪಿಯೊಳಗೆ ಅಡಗಿದೆ. ಗಂಗೊಳ್ಳಿಯ ಬಂದರೂ ಅಮಾಸೆಬೈಲಿನ ಕಾಡಂಚೂ ಒಂದೇ ಸಾಲಿನ ಲೆಕ್ಕಕ್ಕೆ ಬಿದ್ದಿವೆ.

ಸರಾಸರಿ ಮರೆಮಾಚುವುದು ಊರನ್ನಷ್ಟೇ ಅಲ್ಲ, ತಿಂಗಳನ್ನೂ. ಇಲ್ಲಿನ ಬಡತನವನ್ನು ವರ್ಷದ ಆದಾಯದಿಂದ ಅಳೆಯುವುದಕ್ಕಿಂತ ಜೂನ್ ತಿಂಗಳಿನಿಂದ ಅಳೆಯುವುದು ಮೇಲು ಎಂಬುದು ಈ ಟಿಪ್ಪಣಿಯ ವಾದ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟಿನಲ್ಲಿ ಪಾಲಿನ ಲೆಕ್ಕಕ್ಕೆ ದುಡಿಯುವವರ ಕೈ ಬರಿದಾಗುತ್ತದೆ. ಬೋಟಿನ ಮೀನು ಹೊತ್ತು ಮಾರುವ ಹೆಂಗಸರದ್ದೂ ಅದೇ ಪಾಡು. ಮೀನುಗಾರ ತನ್ನ ಪಾಲಿನ 1,500 ರೂಪಾಯಿ ಕಟ್ಟಿದರೆ ಸರ್ಕಾರಗಳು 3,000 ಸೇರಿಸಿ ಕೊಡುವ ಉಳಿತಾಯ-ಪರಿಹಾರ ಯೋಜನೆಯಿದೆ. ತಿಂಗಳಿಗೆ 1,500ರಂತೆ ಮೂರು ತಿಂಗಳು. ಶಾಲೆ ಶುರುವಾಗುವುದೂ ಆಗಲೇ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ ಉಚಿತ. ನೋಟ್ ಪುಸ್ತಕ, ಕೊಡೆ, ವ್ಯಾನಿನ ಬಾಡಿಗೆ ಅಲ್ಲ.

ಒಳನಾಡಿನಲ್ಲಿ ಕಷ್ಟ ಬೇರೆ: ಶಾಲೆಯ ದಾರಿ. ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟದ್ದರ ಫಲವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು 2017ರಲ್ಲಿ ಪ್ರಕಟಿಸಿದರು: ಪ್ರೌಢಶಾಲೆಗೆ ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದರು, ಅದೂ ಶಾಲೆ 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲೇ ಮುಖ್ಯವಾಗಿ. ಕರ್ನಾಟಕವೂ 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಹಂಚಿತು. ಕೋವಿಡ್ ಕಾಲಕ್ಕೆ ಅದು ನಿಂತಿತು. ಬಿಹಾರದ ಬಯಲಿನಲ್ಲಿ ದೂರವೆಂದರೆ ಕಿಲೋಮೀಟರ್. ಇಲ್ಲಿ ಘಟ್ಟದ ಬುಡದ ಮನೆಗೂ ಶಾಲೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡ್ಡಲಾಗಿ ಅಡಕೆ ಮರವನ್ನೋ ಕಾಡುಮರವನ್ನೋ ಹಾಸಿ ಕಟ್ಟಿದ ಕಾಲುಸಂಕ. ಮಳೆಗೆ ಪಾಚಿ ಹಿಡಿದ ಆ ಮರದ ಮೇಲೆ ಸೈಕಲ್ ತಳ್ಳುವ ಮಾತಿರಲಿ, ಚೀಲ ಹೊತ್ತ ಮಗುವಿನ ಕೈಹಿಡಿದು ದಾಟಿಸಲು ದೊಡ್ಡವರೊಬ್ಬರು ಕೆಲಸ ಬಿಟ್ಟು ಬರಬೇಕು. ಆ ಅರ್ಧ ದಿನದ ಕೂಲಿಯೂ ಶಿಕ್ಷಣದ ವೆಚ್ಚವೇ. ಯಾವ ಸಮೀಕ್ಷೆಯ ಫಾರಂನಲ್ಲಿ ಅದಕ್ಕೆ ಕಾಲಂ ಇದೆ? 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಅಂಥ ಕಡೆ ಕಿರುಸೇತುವೆ ಕಟ್ಟುವ ಖರ್ಚನ್ನು ಲೋಕೋಪಯೋಗಿ ಕಾಮಗಾರಿ ಎಂದಲ್ಲ, ಶಿಕ್ಷಣದ ಖರ್ಚೆಂದೇ ಬರೆಯಬೇಕು. ಸೈಕಲ್ಲಿಗೆ ಹೋಲಿಸಿ ಅದರ ಫಲ ಅಳೆಯಲು ಆಗ ದಾರಿಯಾಗುತ್ತದೆ.

ಜೂನ್ ತಿಂಗಳ ಈ ಬಡತನವನ್ನು ಅಳೆಯಲು ಹೊಸ ಸಮೀಕ್ಷೆಯ ಹಂಗೂ ಬೇಕಿಲ್ಲ. ಪ್ರತಿ ಶಾಲೆಯಲ್ಲೂ ಹಾಜರಿ ಪುಸ್ತಕವಿದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಗೈರುಹಾಜರಿಯಿಂದ ಮಳೆ ರಜೆಗಳನ್ನು ಕಳೆದು, ಮಿಕ್ಕದ್ದನ್ನು ಬಂದರಿನ ಶಾಲೆ, ಹೆದ್ದಾರಿ ಬದಿಯ ಶಾಲೆ, ಕಾಡಂಚಿನ ಶಾಲೆ ಎಂದು ಬಿಡಿಸಿ, ಡಿಸೆಂಬರ್‌ನ ಗೈರುಹಾಜರಿಯ ಪಕ್ಕದಲ್ಲಿಟ್ಟು ನೋಡಬಹುದು.